ನೀನು ಅಡ್ಡಗೀಟು ಹಾಕಿದ ನಾಲ್ಕು ಪುಟ

ಹೊಂಗನೂರು
೧೯ ನವೆಂಬರ್ ೨೦೨೫, ಬುಧವಾರ ಮಧ್ಯಾಹ್ನ

ಪ್ರೀತಿಯ ಮಮತಾ,

ಹೇಗಿದ್ದೀಯ? ಕೆಮ್ಮು ನಿಂತಿತೇ? ಭಾನುವಾರ ಫೋನಿನಲ್ಲಿ ನಿನ್ನ ದನಿ ಒಡೆದಿತ್ತು. ಚಳಿಗೋ ಅಳುವಿಗೋ ನನಗೆ ತಿಳಿಯಲಿಲ್ಲ. ಧಾರವಾಡದಲ್ಲಿ ಬೆಳಗಿನ ಹೊತ್ತು ಚಳಿ ಜಾಸ್ತಿ ಅನ್ನುತ್ತಾರೆ, ಬ್ಯಾಗಿನ ತಳದಲ್ಲಿ ಅವ್ವ ಇಟ್ಟ ಕಂದು ಶಾಲು ಇದೆ, ತೆಗೆದು ಹೊದ್ದುಕೋ. ರೊಟ್ಟಿ ತಿಂದರೆ ಊಟ ಮಾಡಿದ ಹಾಗೇ ಆಗುವುದಿಲ್ಲ ಅಂದಿದ್ದೆ. ಬರಹಗಾರರ ಶಿಬಿರದ ಅಡುಗೆಯವರನ್ನು ಕೇಳಿ ಒಂದು ಹೊತ್ತಾದರೂ ಅನ್ನ ಹಾಕಿಸಿಕೋ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅವ್ವನ ಮಂಡಿನೋವು ಇದ್ದ ಹಾಗೇ ಇದೆ. ಪುಟ್ಟಿಗೆ ಶಾಲೆಯಲ್ಲಿ ಹತ್ತನೇ ಕ್ಲಾಸಿನವರಿಗೆಂದು ಸಂಜೆ ಬೇರೆ ಪಾಠ ಶುರುವಾಗಿದೆ, ಮನೆಗೆ ಬರುವಾಗ ಆರೂವರೆಯಾಗುತ್ತದೆ. ಮಾಗಡಿಯಿಂದ ನಿಮ್ಮ ಯೋಗಾನಂದಣ್ಣ ಬಂದು ಒಂದು ಚೀಲ ಅವರೆಕಾಯಿ ಕೊಟ್ಟು ಹೋದರು. ನೀನಿಲ್ಲದ ಮನೆಯಲ್ಲಿ ಅದನ್ನು ಸುಲಿಯಲು ಯಾರಿಗೂ ಉತ್ಸಾಹವಿಲ್ಲ, ಅರ್ಧ ಚೀಲ ಅಕ್ಕಪಕ್ಕದ ಮನೆಗಳಿಗೆ ಹಂಚಿದೆವು.

ರೇಷ್ಮೆಹುಳು ಚೆನ್ನಾಗಿವೆ. ಇವತ್ತು ಬೆಳಗ್ಗೆ ಪೊರೆ ಬಿಡಲು ಮೂರನೇ ಜ್ವರಕ್ಕೆ ಕೂತವು. ಸುಣ್ಣ ಎರಚಿ, ಕಿಟಕಿ ತೆರೆದಿಟ್ಟು ಬಂದಿದ್ದೇನೆ. ನಾಳೆಯವರೆಗೆ ಅವು ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತವೆ, ಸೊಪ್ಪು ಹಾಕುವ ಕೆಲಸವಿಲ್ಲ. ಹಾಗಾಗಿ ಈ ಕಾಗದ ಬರೆಯಲು ಬಿಡುವಾಯಿತು. ಮದುವೆಯಾಗಿ ಹದಿನೇಳು ವರ್ಷವಾದರೂ ನಾನು ನಿನಗೆ ಕಾಗದ ಬರೆದಿರಲಿಲ್ಲ. ಒಂದೇ ಮನೆಯಲ್ಲಿರುವವರು ಕಾಗದ ಬರೆದುಕೊಳ್ಳುವ ಪ್ರಸಂಗವಾದರೂ ಏನು ಬರುತ್ತದೆ. ಫೋನು ಮಾಡಬಹುದಿತ್ತು. ಆದರೆ ಅಲ್ಲಿ ಸಂಜೆ ಹತ್ತು ನಿಮಿಷ ಮಾತ್ರ ಫೋನು ಕೊಡುತ್ತಾರೆ, ಈ ವಿಷಯ ಹತ್ತು ನಿಮಿಷದ್ದಲ್ಲ. ಅದೂ ಅಲ್ಲದೆ, ಆ ಕಡೆಯಿಂದ ನೀನು ಉಸಿರಾಡುವುದು ಕೇಳಿಸುತ್ತಿದ್ದರೆ ನಾನು ಅರ್ಧಕ್ಕೇ ಮಾತು ಬದಲಾಯಿಸಿ ಹುಳುವಿನ ವಿಷಯಕ್ಕೆ ಬಂದುಬಿಡುತ್ತೇನೆ. ನನ್ನ ಬುದ್ಧಿ ನಿನಗೆ ಗೊತ್ತು.

ಭಾನುವಾರ ನೀನು ಹೇಳಿದ್ದನ್ನೇ ಮತ್ತೆ ಹೇಳುತ್ತೇನೆ, ನಾನು ಸರಿಯಾಗಿ ಕೇಳಿಸಿಕೊಂಡಿದ್ದೇನೆಯೇ ನೋಡು. ಕಾದಂಬರಿಯ ಮಧ್ಯಭಾಗ ಹತ್ತು ದಿನ ಕೂತರೂ ಸರಿಹೋಗುತ್ತಿಲ್ಲ. ಪ್ರಕಾಶಕರು ಕೇಳಿದ್ದ ಪ್ರಶ್ನೆಗೆ ಉತ್ತರ ಸಿಗುತ್ತಿಲ್ಲ. ಕಥಾನಾಯಕಿ ಸಾವಂತ್ರಿ ಬರೆಯುವುದನ್ನು ಬಿಟ್ಟು ಮೂರು ವರ್ಷ ಯಾಕೆ ಸುಮ್ಮನಿದ್ದಳು, ಗಂಡ ಬೈರ ಇಷ್ಟು ಒಳ್ಳೆಯವನಾಗಿದ್ದರೆ ಅವಳನ್ನು ತಡೆದವರು ಯಾರು ಎಂದು ಅವರು ಕೇಳಿದ್ದರು. ನೀನು ಮಗು ಕಾರಣ ಎಂದು ಬರೆದೆ, ಗೀಟು ಹಾಕಿ ತೆಗೆದೆ. ಕಾಯಿಲೆ ಎಂದು ಬರೆದೆ, ಅದೂ ನಿಲ್ಲಲಿಲ್ಲ. ಕೊನೆಗೆ ‘ನಂಗಾಗಲ್ಲ ಕಣ್ರೀ, ಮುಂದಿನ ಸೋಮವಾರ ಹೊರಟು ಬಂದ್ಬುಡ್ತೀನಿ, ಈ ಬೆಳೆನಾದ್ರೂ ಕೈಗೆ ಹತ್ಲಿ’ ಅಂದೆ. ನಾನು ‘ಬಾ’ ಅಂದೆ. ನಿನಗೆ ಏನು ಹೇಳಬೇಕೋ ನನಗೂ ತಿಳಿದಿರಲಿಲ್ಲ. ಫೋನು ಇಟ್ಟ ಮೇಲೆ ಹಾಗೆ ಅಂದದ್ದು ತಪ್ಪು ಅನ್ನಿಸಿತು. ಮಾರನೇ ದಿನ ಯಾಕೆ ತಪ್ಪು ಎಂದು ತಿಳಿಯಿತು.

ಮೊನ್ನೆ ಸೋಮವಾರ ನೀನು ಟೈಪು ಮಾಡಿಸಲು ಬಿಟ್ಟು ಹೋಗಿದ್ದ ಕಟ್ಟು ತೆಗೆದುಕೊಂಡು ಚನ್ನಪಟ್ಟಣಕ್ಕೆ, ಶಬ್ನಮ್ ಅಂಗಡಿಗೆ ಹೋದೆ. ನಿನ್ನ ಕೈಬರಹ ಅವಳಿಗೆ ಅರ್ಥವಾಗುವುದಿಲ್ಲವಲ್ಲ, ಎಂದಿನಂತೆ ಪಕ್ಕದ ಸ್ಟೂಲಿನ ಮೇಲೆ ಕೂತು ನಾನು ಓದುತ್ತಾ ಹೋದೆ, ಅವಳು ಹೊಡೆಯುತ್ತಾ ಹೋದಳು. ನೂರಹನ್ನೆರಡನೇ ಪುಟ ಮುಗಿಯಿತು. ಅದರ ಹಿಂದೆ ನಾಲ್ಕು ಹಾಳೆ ಮಡಚಿ ಪಿನ್ನು ಚುಚ್ಚಿತ್ತು. ಮುಂದಿನ ಪುಟಗಳಿರಬೇಕೆಂದು ಬಿಚ್ಚಿದೆ. ಮೇಲಿನಿಂದ ಕೆಳಗಿನವರೆಗೆ ಪ್ರತಿ ಸಾಲಿಗೂ ಅಡ್ಡಗೀಟು ಇತ್ತು, ಆದರೆ ಅಕ್ಷರ ಕಾಣುತ್ತಿತ್ತು. ನೀನು ಗೀಟು ಹಾಕಿ ಆಮೇಲೆ ಇರಲಿ ಅನ್ನುವುದು ಎಷ್ಟೋ ಸಲ ಇದೆ, ಹಾಗಾಗಿ ಅನುಮಾನಪಡದೆ ಓದತೊಡಗಿದೆ. ಆರು ಸಾಲು ಓದಿದ ಮೇಲೆ ಇದು ಯಾವ ದಿನದ ಕಥೆ ಎಂದು ಗೊತ್ತಾಯಿತು.

ನಿನ್ನ ಕಥೆ ಮೊದಲ ಸಲ ಭಾನುವಾರದ ಪುರವಣಿಯಲ್ಲಿ ಬಂದ ವಾರ ಅದು. ಹಾಲಿನ ಡೇರಿ ಮುಂದೆ ದಾಸಪ್ಪ ಚಿಕ್ಕಪ್ಪ ನಾಲ್ಕು ಜನರೆದುರು ಪೇಪರ್ ಎತ್ತಿ ಹಿಡಿದು, ‘ಏನ್ಲಾ ಮನೋರ, ನಿನ್ನೆಂಡ್ರು ಪೇಪರ್ನಾಗೆ ಬಂದವ್ಳೆ. ಅತ್ತೆ ಸೊಸೆ ಜಗಳ ಎಲ್ಲಾ ಬರ್ದವ್ಳೆ ಕಣ್ಲಾ, ನಾಳೆ ನಿನ್ನ ಲುಂಗಿ ಇಸ್ಯಾನೂ ಬರೀತಾಳೆ’ ಅಂದು ಎಲ್ಲರನ್ನೂ ನಗಿಸಿದ. ಆ ನಗು ಹೊತ್ತುಕೊಂಡು ನಾನು ಮನೆಗೆ ಬಂದೆ. ನೀನು ಬಚ್ಚಿಟ್ಟಿದ್ದ ಎರಡು ನೋಟ್‌ಬುಕ್ಕು ತೆಗೆದು ಒಂದೊಂದೇ ಹಾಳೆ ಹರಿದೆ. ಆಗ ನಾವೇ ಮನೆಯಲ್ಲಿ ಮೊಟ್ಟೆಯಿಂದ ಚಾಕಿ ಸಾಕುತ್ತಿದ್ದೆವು, ಎಳೆ ಹುಳುವಿನ ತಟ್ಟೆಗೆ ಹಳೆ ಪೇಪರ್ ಹಾಸುತ್ತಿದ್ದೆವು. ಪೇಪರಿನ ಬದಲು ನಿನ್ನ ಹಾಳೆಗಳನ್ನು ಹಾಸಿದೆ. ‘ಇಲ್ಲಾದ್ರೂ ಉಪಯೋಗಕ್ಕೆ ಬರ್ಲಿ’ ಅಂದೆ. ನೀನು ಒಂದು ವರ್ಷದ ಪುಟ್ಟಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಸೊಪ್ಪು ಸಣ್ಣಗೆ ಕತ್ತರಿಸಿ ಆ ಹಾಳೆಗಳ ಮೇಲೆ ಉದುರಿಸಿದೆ.

ಇಷ್ಟು ನನಗೆ ನೆನಪಿತ್ತು. ನೀನು ಬರೆದದ್ದರಲ್ಲಿ ಇದಕ್ಕಿಂತ ಹೆಚ್ಚು ಇದೆ. ಸಾವಂತ್ರಿ ದಿನಕ್ಕೆ ನಾಲ್ಕು ಸಲ ಸೊಪ್ಪು ಹಾಕುವಾಗ, ಉದುರಿಸುವ ಮೊದಲು ಒಂದೊಂದು ತಟ್ಟೆಯಿಂದ ಒಂದೊಂದು ಸಾಲು ಓದಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು ಎಂದು ನನಗೆ ಗೊತ್ತಿರಲಿಲ್ಲ. ಹುಳುವಿನ ಹಿಕ್ಕೆ ಬಿದ್ದ ಜಾಗದಲ್ಲಿ ಶಬ್ದ ಮರೆತುಹೋಗಿ, ಆ ಜಾಗಕ್ಕೆ ಬೇರೆ ಶಬ್ದ ಹುಡುಕಿದಳು ಎಂದೂ ಗೊತ್ತಿರಲಿಲ್ಲ. ಹೀಗೆ ಎಂಟು ದಿನದಲ್ಲಿ ಒಂದು ಸಣ್ಣ ಕಥೆಯಷ್ಟು ಉಳಿಯಿತು, ಮಿಕ್ಕಿದ್ದು ಗೊಬ್ಬರದ ಗುಂಡಿಗೆ ಹೋಯಿತು. ನಾಲ್ಕನೇ ಪುಟದ ಕೊನೆಯಲ್ಲಿ ಒಂದೇ ಸಾಲು ಬೇರೆಯಾಗಿ ಬರೆದಿದ್ದೀಯ. ‘ಆ ಸಲ ಬೆಳೆ ಚೆನ್ನಾಗಿ ಬಂತು.’ ಅದನ್ನು ಓದಿ ನಾನು ನಿಲ್ಲಿಸಿದೆ.

ಶಬ್ನಮ್ ಯಾವಾಗಲೋ ಕೈ ನಿಲ್ಲಿಸಿದ್ದಳು. ‘ಅಣ್ಣಾ, ಮೇಡಂ ಇದಕ್ಕೆ ಗೀಟು ಹಾಕವ್ರಲ್ಲ, ಟೈಪ್ ಮಾಡೋದಾ ಬೇಡ್ವಾ?’ ಅಂತ ಕೇಳಿದಳು. ನನ್ನ ಮುಖ ನೋಡದೆ ಕಂಪ್ಯೂಟರ್ ನೋಡಿಕೊಂಡೇ ಕೇಳಿದಳು. ಅವಳಿಗೆ ಗೊತ್ತಾಗಿತ್ತು. ಇಲ್ಲಿಯವರೆಗೆ ನೂರಹನ್ನೆರಡು ಪುಟ ಟೈಪು ಮಾಡಿದವಳು, ಊರು ಯಾವುದು ಮನೆ ಯಾವುದು ಎಂದು ತಿಳಿಯದಿರಲು ಅವಳೇನು ದಡ್ಡಿಯೇ. ನಾನು ಅಂಗಡಿಯಿಂದ ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಕಡೆ ನೋಡುತ್ತಾ ನಿಂತೆ. ನಿಜ ಹೇಳುತ್ತೇನೆ ಮಮತಾ, ಆ ನಾಲ್ಕು ಹಾಳೆ ಜೇಬಿಗೆ ಹಾಕಿಕೊಂಡು ಊರಿಗೆ ಹೋಗಿಬಿಡೋಣ ಅನ್ನಿಸಿತು. ನೀನೇ ಬೇಡ ಎಂದು ಗೀಟು ಹಾಕಿದ್ದು, ನನ್ನ ತಪ್ಪೇನೂ ಇರುತ್ತಿರಲಿಲ್ಲ. ಆಗ ಹಾಳೆಯ ಅಂಚಿನಲ್ಲಿ ನೀನು ಬರೆದಿದ್ದ ತಾರೀಖು ಕಂಡಿತು. ‘೨೫ ಮಾರ್ಚ್. ಇದು ಬೇಡ.’

ಆ ತಾರೀಖಿನ ಹಿಂದಿನ ದಿನ ನಾವು ರಾಮನಗರದಲ್ಲಿದ್ದೆವು. ನಿನ್ನ ಕಥೆಗಳ ಪುಸ್ತಕ ಬಿಡುಗಡೆಯಾದ ದಿನ. ನಿನಗೆ ಶಾಲು ಹೊದಿಸಿದ ಮೇಲೆ ಮುಖ್ಯ ಭಾಷಣ ಮಾಡಿದವರು ನನ್ನನ್ನೂ ವೇದಿಕೆಗೆ ಕರೆದರು. ಹೆಂಡತಿ ಬರೆಯಲಿ ಎಂದು ಮಧ್ಯಾಹ್ನದ ಸೊಪ್ಪನ್ನು ತಾನೇ ಹಾಕುವ ರೈತ, ಮೊದಲ ಓದುಗ, ಇಂಥ ಗಂಡ ಸಿಗಲು ಏಳು ಜನ್ಮದ ಪುಣ್ಯ ಬೇಕು ಎಂದೆಲ್ಲ ಹೊಗಳಿ ಪೇಟ ತೊಡಿಸಿದರು. ಜನ ನಿನ್ನ ಶಾಲಿಗಿಂತ ನನ್ನ ಪೇಟಕ್ಕೆ ಜೋರಾಗಿ ಚಪ್ಪಾಳೆ ತಟ್ಟಿದರು. ನಾನು ಕೈ ಮುಗಿದು ನಿಂತೆ, ಒಳಗೆ ಒಸಿ ಹೆಮ್ಮೆಯೂ ಆಯಿತು. ನೀನು ತಲೆ ಬಗ್ಗಿಸಿಕೊಂಡು ಕೂತಿದ್ದೆ. ನಾಚಿಕೆ ಎಂದುಕೊಂಡಿದ್ದೆ. ಮಾರನೇ ದಿನ ನೀನು ಈ ನಾಲ್ಕು ಪುಟಕ್ಕೆ ಗೀಟು ಹಾಕಿದ್ದೀಯ. ಅಷ್ಟು ಜನರ ಮುಂದೆ ಪೇಟ ತೊಟ್ಟವನನ್ನು ಹೇಗೆ ಬರೆಯುವುದು ಅನ್ನಿಸಿರಬೇಕು. ಆಮೇಲೆ ಬೈರನನ್ನು ಮೊದಲಿನಿಂದಲೂ ಸಾಧು ಮಾಡಿ ಬರೆದೆ. ಆ ಬೈರ ಓದುವಾಗಲೇ ನನಗೆ ತೂಕಡಿಕೆ ತರಿಸಿದ್ದ. ನಿನಗೆ ಬೇಸರವಾದೀತೆಂದು ಹೇಳಿರಲಿಲ್ಲ. ಮೊದಲ ಓದುಗ ಅನ್ನಿಸಿಕೊಂಡವನು ಅವತ್ತೇ ಹೇಳಬೇಕಿತ್ತು.

ಒಳಗೆ ಹೋಗಿ ಶಬ್ನಮ್‌ಗೆ ಟೈಪು ಮಾಡು ಅಂದೆ. ಎರಡನೇ ಸಲ ಮೊದಲಿನಿಂದ ಓದಿದೆ, ಈ ಸಲ ಎಲ್ಲೂ ನಿಲ್ಲಿಸಲಿಲ್ಲ. ಮುಗಿದ ಮೇಲೆ ಅವಳು ಪ್ರಿಂಟ್ ತೆಗೆದು ಹಾಳೆ ಜೋಡಿಸುತ್ತಾ, ‘ಈಗ ಸರಿಹೋಯ್ತು ಅಣ್ಣಾ. ಆಯಮ್ಮ ಸುಮ್ಸುಮ್ನೆ ಬರೆಯೋದು ಬಿಟ್ಬಿಟ್ಳು ಅಂದ್ರೆ ನಂಗೆ ನಂಬಿಕೆ ಬಂದಿರ್ಲಿಲ್ಲ’ ಅಂದಳು. ನನಗೆ ಬೈಯಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ಅದು ನನಗೆ ಒಳ್ಳೆಯದೇ ಆಯಿತು.

ಮಮತಾ, ಆ ದಿನದ ಬಗ್ಗೆ ಹದಿನಾಲ್ಕು ವರ್ಷದಲ್ಲಿ ನಾವಿಬ್ಬರೂ ಒಂದು ಮಾತೂ ಆಡಿಲ್ಲ. ಈಗ ಆಡುತ್ತೇನೆ. ನಾನು ಮಾಡಿದ್ದು ತಪ್ಪು. ಸಿಟ್ಟಿನಲ್ಲಿ ಒಂದು ಏಟು ಹೊಡೆದವನಾದರೂ ಕ್ಷಣದಲ್ಲಿ ಮಾಡಿದೆ ಅನ್ನಬಹುದು, ನಾನು ಒಂದು ಗಂಟೆ ಕೂತು ತಟ್ಟೆಯ ಅಳತೆಗೆ ಸರಿಯಾಗಿ ಹಾಳೆ ಜೋಡಿಸಿದ್ದೇನೆ. ಆಮೇಲೆ ಎಂಟು ದಿನ ನೀನು ಸೊಪ್ಪು ಹಾಕುವುದನ್ನು ನೋಡಿದ್ದೇನೆ. ಅದನ್ನು ತೆಗೆದು ಹಾಕು ಎಂದು ಹೇಳಲು ನನಗೆ ಎಂಟು ದಿನವೂ ಬಾಯಿ ಬರಲಿಲ್ಲ.

ಇನ್ನೊಂದು ವಿಷಯ ನಿನಗೆ ಗೊತ್ತಿಲ್ಲ. ಎರಡನೇ ಜ್ವರ ಎದ್ದ ದಿನ ಹುಳುವಿನ ಹಾಸಿಗೆ ಬದಲಾಯಿಸಿದವನು ನಾನು. ಒಂದು ಹಾಳೆ ಕೊಡವುವಾಗ ಅದರಲ್ಲಿ ನಮ್ಮಕ್ಕ ಲತಾಮಣಿಯ ಹೆಸರು ಕಂಡಿತು. ಅಕ್ಕ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ನಿನಗೂ ಅವಳಿಗೂ ಒಂದು ವರ್ಷದ ಒಡನಾಟವಾದರೂ ಇತ್ತೋ ಇಲ್ಲವೋ. ಆದರೆ ಅವಳು ಸೊಪ್ಪು ಬಿಡಿಸುತ್ತಾ ನಿನಗೆ ಹೇಳಿದ ಮಾತನ್ನು ನೀನು ಹಾಗೇ ಬರೆದಿಟ್ಟಿದ್ದೆ. ‘ನಮ್ ಮನೋರಂಗೆ ಕ್ವಾಪ ಬಂದ್ರೆ ಮಾತಾಡಕೋಗ್ಬ್ಯಾಡ ಕಣವ್ವ. ಒಂದು ಮುದ್ದೆ ಮುಂದಿಕ್ಕಿ ಒಂಟೋಗು. ಉಂಡ್ಮೇಲೆ ಅವ್ನೇ ನಿನ್ತಾವ್ಕೆ ಬತ್ತಾನೆ.’ ನನಗೆ ಅಕ್ಕನ ಮುಖ ನೆನಪಿತ್ತು, ದನಿ ಮರೆಯುತ್ತಾ ಬಂದಿತ್ತು. ಹಿಕ್ಕೆಯ ನಡುವೆ ಆ ದನಿ ಕೇಳಿಸಿತು. ಹುಳುಮನೆಯಲ್ಲೇ ಕೂತು ಅತ್ತೆ. ಆ ಹಾಳೆಯನ್ನು ಒರೆಸಿ ಪಹಣಿ ಫೈಲಿನಲ್ಲಿಟ್ಟೆ. ಅಷ್ಟಾದರೂ ನಿನ್ನ ಹತ್ತಿರ ಬರಲಿಲ್ಲ. ಅಕ್ಕ ಹೇಳಿದ ಹಾಗೆ ಉಂಡ ಮೇಲೆ ಬರುವವನಾಗಿರಲಿಲ್ಲ ನಾನು, ನನಗೆ ಮೂರು ವರ್ಷ ಹಿಡಿಯಿತು. ಆಮೇಲೂ ಬಾಯಲ್ಲಿ ಹೇಳದೆ ಒಂದು ಉದ್ದ ನೋಟ್‌ಬುಕ್ಕು ತಂದು ಅಡುಗೆಮನೆ ಗೂಡಿನಲ್ಲಿಟ್ಟೆ. ನೀನು ಏಳು ತಿಂಗಳು ಅದನ್ನು ಮುಟ್ಟಲಿಲ್ಲ. ದಿನಾ ಹೋಗಿ ನೋಡುತ್ತಿದ್ದೆ. ಒಂದು ದಿನ ಮೊದಲ ಪುಟದಲ್ಲಿ ನಾಲ್ಕು ಸಾಲು ಇತ್ತು, ಅವತ್ತಿನಿಂದ ಮಧ್ಯಾಹ್ನದ ಸೊಪ್ಪು ನಾನು ಹಾಕುತ್ತೇನೆ ಅಂದೆ.

ಆ ಹಾಳೆಯನ್ನು ಈ ಪಾರ್ಸಲ್ಲಿನಲ್ಲೇ ಪ್ಲಾಸ್ಟಿಕ್ ಕವರಿಗೆ ಹಾಕಿ ಇಟ್ಟಿದ್ದೇನೆ. ನಿನ್ನದು, ನೀನೇ ಇಟ್ಟುಕೋ. ಮಿಕ್ಕಿದ್ದನ್ನು ತಂದುಕೊಡಲು ನನ್ನಿಂದಾಗದು.

ಜನ ನನಗೆ ಪೇಟ ತೊಡಿಸಿದ್ದು ಮಧ್ಯಾಹ್ನದ ಸೊಪ್ಪಿಗೆ. ಅದು ದೊಡ್ಡ ಕೆಲಸವೇನಲ್ಲ. ನಿನ್ನ ಮೂರು ವರ್ಷ ತಿಂದವನು ದಿನಕ್ಕೆ ಮೂರು ಗಂಟೆ ವಾಪಸ್ಸು ಕೊಡುತ್ತಿದ್ದಾನೆ, ಅಷ್ಟೆ. ಅದರ ಋಣಕ್ಕೆ ನೀನು ಸುಳ್ಳು ಬರೆಯಬೇಕಾಗಿಲ್ಲ. ನಾನು ಸೊಪ್ಪು ಹಾಕುವುದರಿಂದ ನಿನ್ನ ಬರವಣಿಗೆ ನಡೆಯುವುದು ನಿಜವಿರಬಹುದು. ನಾನು ಸೊಪ್ಪು ಹಾಕುತ್ತೇನೆಂದು ನಿನ್ನ ಬರವಣಿಗೆ ನಿಲ್ಲುವುದಾದರೆ, ಹುಳುವಿನ ತಟ್ಟೆಗೆ ಹಾಳೆ ಹಾಸಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ಅದಕ್ಕೇ ಆ ನಾಲ್ಕು ಪುಟವನ್ನು ನೂರಹನ್ನೆರಡನೇ ಪುಟದ ನಂತರ ಸೇರಿಸಿ ಕಳಿಸುತ್ತಿದ್ದೇನೆ. ಇಟ್ಟುಕೊಳ್ಳುವುದು ಬಿಡುವುದು ನಿನಗೆ ಸೇರಿದ್ದು. ಆದರೆ ನನಗಾಗಿ ತೆಗೆಯಬೇಡ.

ಕಷ್ಟ ಇಲ್ಲವೆಂದು ಹೇಳುವುದಿಲ್ಲ. ದಾಸಪ್ಪ ಚಿಕ್ಕಪ್ಪ ಮತ್ತೆ ಡೇರಿ ಮುಂದೆ ಪುಸ್ತಕ ಎತ್ತಿ ಹಿಡಿಯುತ್ತಾನೆ, ಹಿಡಿಯಲಿ. ನನಗೆ ಕಷ್ಟ ಪುಟ್ಟಿಯದು. ಅವಳಿಗೆ ಅಪ್ಪ ಎಂದರೆ ಅಮ್ಮನ ಪುಟಗಳನ್ನು ಜೋಡಿಸಿ ಪಿನ್ನು ಹಾಕುವವನು. ಪುಸ್ತಕದಲ್ಲಿ ಓದುವ ಮೊದಲು ನಾನೇ ಅವಳಿಗೆ ಹೇಳಬೇಕು. ಪರೀಕ್ಷೆ ಮುಗಿಯಲಿ, ನೀನೂ ಮನೆಯಲ್ಲಿರುವಾಗ ಹೇಳುತ್ತೇನೆ. ಅವ್ವನಿಗೆ ನಿನ್ನೆಯೇ ಓದಿ ಹೇಳಿದೆ. ಬೇರೆಯವರ ಬಾಯಿಂದ ಕೇಳುವುದು ಬೇಡ ಎಂದು. ಅವರೆಕಾಯಿ ಸುಲಿಯುತ್ತಾ ಪೂರ್ತಿ ಕೇಳಿಸಿಕೊಂಡಳು, ಎದ್ದು ಹಸುವಿಗೆ ನೀರಿಡಲು ಹೋದಳು. ಅಷ್ಟೇ.

ಸೋಮವಾರ ಬರಬೇಡ. ಶಿಬಿರ ಮುಗಿಯುವುದು ಡಿಸೆಂಬರ್ ಹತ್ತಕ್ಕೆ, ಅವತ್ತೇ ಹೊರಡು. ಬೆಳೆ ನಿನಗೋಸ್ಕರ ಕಾಯುತ್ತಿಲ್ಲ. ಪಕ್ಕದ ಹೊಲದ ಕೆಂಪರಾಜು ಸೊಪ್ಪು ಕೊಯ್ದುಕೊಡುತ್ತಿದ್ದಾನೆ, ಹುಳು ಹಣ್ಣಾಗುವ ಹೊತ್ತಿಗೆ ಅವನ ಮನೆಯವರೂ ಬಂದು ಗೂಡು ಕಟ್ಟಲು ಚಂದ್ರಿಕೆಗೆ ಬಿಡುತ್ತಾರೆ. ಬೈರನನ್ನು ಬರೆಯುವಾಗ ಕೈ ಬಿಗಿ ಹಿಡಿಯಬೇಡ. ಅವನು ಆಮೇಲೆ ಸ್ವಲ್ಪ ಸುಧಾರಿಸಿದ ಎಂದು ಕೊನೆಗೆ ಒಂದು ಕಡೆ ಬರೆದರೆ ಸಾಕು, ಅದೂ ನಿನಗೆ ನಿಜ ಅನ್ನಿಸಿದರೆ.

ಕಾಯಿಸಿದ ನೀರು ಕುಡಿ. ಪುಟ್ಟಿಯ ಮುತ್ತು, ಅವ್ವನ ಆಶೀರ್ವಾದ ನಿನಗೆ. ಜೊತೆಯಲ್ಲಿ ಬರೆಯುತ್ತಿರುವವರಿಗೆಲ್ಲ ನನ್ನ ನಮಸ್ಕಾರ ಹೇಳು.

ನಿನ್ನ
ಮನೋಹರ್

ಕವರು ಅಂಟಿಸುವ ಮುಂಚೆ ಇದನ್ನು ಸೇರಿಸುತ್ತಿದ್ದೇನೆ, ಮೂರೂವರೆ ಬಸ್ಸಿಗೆ ಹೋದರೆ ಕೊರಿಯರ್ ಅಂಗಡಿ ಸಿಗುತ್ತದೆ, ಅಕ್ಷರ ಸರಿಯಿಲ್ಲದಿದ್ದರೆ ಬೇಜಾರು ಮಾಡಿಕೊಳ್ಳಬೇಡ. ಅವ್ವ ಈಗ ಬಂದು ಬಾಗಿಲಲ್ಲಿ ನಿಂತಳು. ‘ನೆನ್ನೆ ಓದಿದ್ಯಲ್ಲ, ಅದ್ರಾಗೆ ಬುಕ್ಕು ಎಲ್ಲೈತೆ ಅಂತ ನಿಂಗೆ ತೋರ್ಸಿದ್ದು ಯಾರು ಅಂತ ಬರ್ದವ್ಳಾ?’ ಅಂದಳು. ಇಲ್ಲ, ಅವಳಿಗೆ ಗೊತ್ತಿಲ್ಲ ಅಂದೆ. ಅವ್ವನ ಹೆಸರು ಬರಬಾರದೆಂದು ಮೇಲೆ ನಾನೂ ಬರೆದಿರಲಿಲ್ಲ. ಅದಕ್ಕೆ ಅವ್ವ ಹೇಳಿದಳು, ‘ರಾಗಿ ತುಂಬೋ ವಾಡೆ ಇಂದೆ ಮಡಗವ್ಳೆ ಅಂತ ಯೋಳಿದ್ದು ನಾನೇಯ. ನನ್ ಜಗ್ಳ ಪೇಪರ್ನಾಗೆ ಬಂತಲ್ಲ ಅಂತ ಸಿಟ್ಟಿತ್ತು. ಅದ್ನೂ ಬರಿಯಕ್ಕೇಳು, ನನ್ನೆಸ್ರು ಚಿಕ್ಕಲಕ್ಷ್ಮಮ್ಮ ಅಂತ್ಲೇ ಬರೀಲಿ. ಬರ್ದು ಮುಗಿಸ್ಕೊಂಡೇ ಬರ್ಲಿ, ಸೊಪ್ಪು ನಾನು ಆಕ್ತೀನಿ.’ ಮಂಡಿನೋವು ಇಟ್ಟುಕೊಂಡು ಈಗ ಹುಳುಮನೆ ಕಡೆ ಹೋದಳು. ಜ್ವರಕ್ಕೆ ಕೂತಿವೆ, ಇವತ್ತು ಸೊಪ್ಪು ಹಾಕುವಂತಿಲ್ಲ ಎಂದು ಅವಳಿಗೂ ಗೊತ್ತು.